ಅಪ್ಪನ ಹಳೆ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್ ಹಾಕಿದೆ

ಸಾಗರದ ಮನೆಯಲ್ಲಿರುವ ಅಪ್ಪನ ಲ್ಯಾಪ್‌ಟಾಪ್ 2013ರಲ್ಲಿ ಕೊಂಡದ್ದು. ಮೂರನೇ ತಲೆಮಾರಿನ ಇಂಟೆಲ್ ಐ3 ಪ್ರೊಸೆಸರ್, 4 ಜಿಬಿ ರ್‍ಯಾಮ್. ಆನ್ ಮಾಡಿ ಕಾಫಿ ಕುಡಿದು ಬಂದರೂ ಪರದೆ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ರಿಪೇರಿಗೆ ಒಯ್ದರೆ "ಗುಜರಿಗೆ ಹಾಕಿ ಮೇಡಂ" ಅಂದರು. ನನಗೆ ಮನಸ್ಸೇ ಬರಲಿಲ್ಲ. ಅಪ್ಪ ತಾಲೂಕು ಕಚೇರಿಯಲ್ಲಿ ಇದ್ದವರು. ನಿವೃತ್ತಿಯಾದ ಮೇಲೆ ಊರಿನ ಹಳೆಯ ಸಂಗತಿಗಳನ್ನೆಲ್ಲ ಇದರಲ್ಲೇ ಟೈಪ್ ಮಾಡಿದ್ದಾರೆ. ಕೀಬೋರ್ಡಿನಲ್ಲಿ ಎಫ್ ಅಕ್ಷರ ಸವೆದು ಕಾಣದೇ ಹೋಗಿದೆ. ಅವರು ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದಲ್ಲಿ ಒತ್ತಕ್ಷರಕ್ಕೆಲ್ಲ ಅದೇ ಕೀ ಅಲ್ವಾ?

ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರಾದರೂ ಇರಬೇಕು, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೂಡ ಬೇಕು. ನಮ್ಮದಕ್ಕೆ ಆಗದ ಮಾತು. ಹಾಗಾಗಿ ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ ಲಿನಕ್ಸ್.

ಮೊದಲು 8 ಜಿಬಿ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿದೆ. ಇನ್‌ಸ್ಟಾಲ್ ಮಾಡದೆಯೇ ವೈಫೈ, ಸೌಂಡ್, ಕೀಬೋರ್ಡ್ ಎಲ್ಲ ಪರೀಕ್ಷೆ ಮಾಡಬಹುದು. ಲಿನಕ್ಸ್‌ನಲ್ಲೇ ಹಲವು ಬಗೆ. ಉಬುಂಟು ಚೆನ್ನಾಗಿದೆ, ಆದರೆ 4 ಜಿಬಿಗೆ ಭಾರ. ಲುಬುಂಟು ಹಗುರ, ನನಗೆ ಇಷ್ಟವೂ ಆಯಿತು. ಕೊನೆಗೆ ಆರಿಸಿದ್ದು ಲಿನಕ್ಸ್ ಮಿಂಟ್ 22, ಅದರಲ್ಲೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಕೆಳಗೆ ಎಡಗಡೆ ಮೆನು, ಬಲಗಡೆ ಗಡಿಯಾರ. ಅಪ್ಪನಿಗೆ ಎಲ್ಲಿ ಏನಿದೆ ಎಂದು ಹೇಳಿಕೊಡುವ ಕೆಲಸವೇ ಬೀಳಲಿಲ್ಲ. 2029ರವರೆಗೆ ಅಪ್‌ಡೇಟ್ ಬರುತ್ತದೆ. ಸುಮ್ನೆ ಆನ್ ಮಾಡಿಟ್ಟರೆ ನಮ್ಮಲ್ಲಿ ಸುಮಾರು 800 ಎಂಬಿ ರ್‍ಯಾಮ್ ತಗೊಳ್ಳುತ್ತದೆ. ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗದ 240 ಜಿಬಿ ಎಸ್‌ಎಸ್‌ಡಿಯನ್ನೂ ಹಾಕಿಸಿದೆ. ಈಗ ಅರ್ಧ ನಿಮಿಷದಲ್ಲಿ ತೆರೆದುಕೊಳ್ಳುತ್ತದೆ. ಈ ವೇಗದಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಎಸ್‌ಎಸ್‌ಡಿಯದೇ.

ಆದರೆ ವೇಗ ನೋಡಿ ನಾನು ತೀರ್ಮಾನ ಮಾಡಲಿಲ್ಲ. ಅಪ್ಪನ ಬೆರಳಿಗೆ ಕನ್ನಡ ಮೊದಲಿನ ಹಾಗೇ ಬರುತ್ತದಾ? ನನಗೆ ಬೇಕಾಗಿದ್ದು ಅದು.

ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಕಗಪ ವಿನ್ಯಾಸ (ನುಡಿಯಲ್ಲಿರುವ ಕೀಗಳ ಜೋಡಣೆ) ಇದೆ. ಹಾಕಿ ಕೊಟ್ಟೆ. ಎರಡು ನಿಮಿಷಕ್ಕೆ ಕರೆದರು. "ಇದೆಂಥ ಮಾರಾಯ್ತಿ, ಊರು ಅಂತ ಹೊಡೆದರೆ ಊ ಬರೋದೇ ಇಲ್ಲ. ಬರೀ ಕೊಂಬು ಬರ್ತದೆ." ನೋಡಿದರೆ ಚುಕ್ಕಿ ವೃತ್ತಕ್ಕೆ ಅಂಟಿಕೊಂಡು ಕೊಂಬಿನ ಇಳಿ ಮಾತ್ರ ನಿಂತಿದೆ. ಆ ವಿನ್ಯಾಸದಲ್ಲಿ ಪದದ ಮೊದಲಿನ ಸ್ವರಕ್ಕೆ ಬಲಗಡೆಯ ಆಲ್ಟ್ ಕೀ ಹಿಡಿದು ಒತ್ತಬೇಕು. ನುಡಿಯಲ್ಲಾದರೆ ಸ್ವರ ಪದದ ಮೊದಲಿಗೆ ಬಂತೋ ವ್ಯಂಜನದ ಮೇಲೆ ಬಂತೋ ಎಂದು ತಂತ್ರಾಂಶವೇ ನೋಡಿಕೊಳ್ಳುತ್ತದೆ. 74 ವರ್ಷದವರಿಗೆ ಪ್ರತಿ ಸ್ವರಕ್ಕೂ ಇನ್ನೊಂದು ಕೀ ಹಿಡಿಯಿರಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಪರಿಹಾರ ಸಿಕ್ಕಿತು. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಐಬಸ್ ಎಂ17ಎನ್ ಎಂಬ ಟೈಪಿಂಗ್ ತಂತ್ರಾಂಶವನ್ನು ಹಾಕಿಕೊಂಡು, ಅದರಲ್ಲಿ ಕನ್ನಡದ ಕೆಜಿಪಿ (ಅದೇ ಕಗಪ) ಆರಿಸಿದೆ. ಒಮ್ಮೆ ಲಾಗೌಟ್ ಮಾಡಿ ಬಂದೆ. ಅಪ್ಪ ಕೀಬೋರ್ಡ್ ನೋಡದೆ "ಊರು", "ಅಕ್ಕ", "ಎತ್ತು" ಹೊಡೆದರು. ಮೂರೂ ಸರಿಯಾಗಿ ಬಂದವು. ಅವತ್ತೇ ಇನ್‌ಸ್ಟಾಲ್ ಮಾಡಿಬಿಟ್ಟೆ. ನಮ್ಮ ಮನೆಯ ಹಾಗೆ ನುಡಿಗೆ ಒಗ್ಗಿದ ಬೆರಳುಗಳಿದ್ದರೆ ಮೊದಲ ದಿನವೇ ಇದನ್ನು ಮಾಡಿಕೊಳ್ಳಿ. ಇಲ್ಲದಿದ್ದರೆ "ಹಳೆಯದೇ ಚೆನ್ನಾಗಿತ್ತು" ಎಂದು ಲ್ಯಾಪ್‌ಟಾಪ್ ಮುಚ್ಚಿಡುತ್ತಾರೆ.

ಹಳೆಯ ಫೈಲ್‌ಗಳದ್ದು ಬೇರೆ ಕತೆ. ಯೂನಿಕೋಡ್ (ಎಲ್ಲ ಸಾಧನಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ನುಡಿ ಫಾಂಟಿನಲ್ಲಿ ಬರೆದದ್ದನ್ನು ಲಿಬ್ರೆಆಫೀಸ್‌ನಲ್ಲಿ ತೆರೆದರೆ ತಲೆ ಮೇಲೆ ಗೆರೆ ಚುಕ್ಕಿ ಇರುವ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. "ನಮ್ಮ" ಎಂಬ ಪದ ಪೌಂಡ್ ಗುರುತಿನಿಂದ ಶುರು! ಅಪ್ಪ ಗಾಬರಿಯಾದರು, ಬರೆದದ್ದೆಲ್ಲ ಹೋಯಿತೇನೋ ಎಂದು. ಏನೂ ಹೋಗಿರುವುದಿಲ್ಲ. ಆ ಫಾಂಟ್ ಫೈಲ್‌ಗಳನ್ನು ಹೋಮ್ ಫೋಲ್ಡರಿನಲ್ಲಿ ".fonts" (ಹೆಸರಿನ ಮೊದಲಿಗೆ ಚುಕ್ಕಿ) ಎಂಬ ಫೋಲ್ಡರ್ ಮಾಡಿ ಹಾಕಿದರೆ ಓದಲು ಬರುತ್ತದೆ. ಆದರೂ ಯೂನಿಕೋಡ್‌ಗೆ ಬದಲಿಸಿಕೊಳ್ಳುವುದೇ ಒಳ್ಳೆಯದು. ಆಮೇಲೆ ಮೊಬೈಲಿನಲ್ಲೂ ಓದಬಹುದು, ಹುಡುಕಲೂಬಹುದು.

ತೊಂದರೆಯೇ ಇಲ್ಲ ಎಂದು ಹೇಳಲಾರೆ. ಮನೆಯ ಹಳೇ ಪ್ರಿಂಟರ್ ಇನ್ನೂ ಕೆಲಸ ಮಾಡಿಲ್ಲ, ಪಿಡಿಎಫ್ ಮಾಡಿ ಜೆರಾಕ್ಸ್ ಅಂಗಡಿಗೆ ಕಳಿಸುತ್ತಿದ್ದೇವೆ. ಫೈರ್‌ಫಾಕ್ಸ್‌ನಲ್ಲಿ ಹತ್ತು ಟ್ಯಾಬ್ ತೆರೆದರೆ 4 ಜಿಬಿ ಸಾಲುವುದಿಲ್ಲ. ನಿಮ್ಮದು 32 ಬಿಟ್ ಮಶೀನ್ ಆಗಿದ್ದರೆ ಮಿಂಟ್ 22 ಅದಕ್ಕೆ ಬರುವುದೇ ಇಲ್ಲ, ಮೊದಲೇ ನೋಡಿಕೊಳ್ಳಿ. ಮುಖ್ಯವಾಗಿ, ಇನ್‌ಸ್ಟಾಲ್ ಮಾಡುವ ಮುಂಚೆ ಎಲ್ಲವನ್ನೂ ಬೇರೆ ಕಡೆ ಕಾಪಿ ಮಾಡಿಡಿ.

ಅಪ್ಪನ 43 ಫೈಲ್‌ಗಳಲ್ಲಿ 17 ಯೂನಿಕೋಡ್ ಆಗಿವೆ. ಕೆಲವು ಕಡೆ ಅರ್ಕಾವೊತ್ತು ತಪ್ಪಿದೆ, ಅದನ್ನು ಅವರೇ ಕೂತು ತಿದ್ದುತ್ತಿದ್ದಾರೆ. ಉಳಿದದ್ದನ್ನು ಮುಂದಿನ ಸಲ ಊರಿಗೆ ಹೋದಾಗ ಮುಗಿಸಬೇಕು.