ಔಷಧ ಸಿಗದಿದ್ದರೆ ಮುಂದೇನು? ಎಚ್‌ಐವಿ ಸಂಬಂಧಿ ಕಾಯಿಲೆಗಳ ಮೂರು ಮಾರ್ಗಸೂಚಿಗಳ ವಿಮರ್ಶೆ

ಎಚ್‌ಐವಿ ಸೋಂಕು ಬಹಳ ಮುಂದುವರಿದ ಮೇಲೆ ಆಸ್ಪತ್ರೆಗೆ ಬರುವವರ ಜೀವ ತೆಗೆಯುವುದು ಹೆಚ್ಚಾಗಿ ಕ್ಷಯ, ಕ್ರಿಪ್ಟೊಕಾಕಸ್ ಮೆನಿಂಜೈಟಿಸ್ (ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರದಿಂದ ಮಿದುಳಿನ ಪೊರೆಗೆ ತಗಲುವ ಸೋಂಕು) ಮತ್ತು ತೀವ್ರ ಬ್ಯಾಕ್ಟೀರಿಯಾ ಸೋಂಕುಗಳು. ವಿಶ್ವ ಆರೋಗ್ಯ ಸಂಸ್ಥೆಯು ಮುಂದುವರಿದ ಎಚ್‌ಐವಿ ಕಾಯಿಲೆಯ ಬಗ್ಗೆ 2017ರಲ್ಲಿ, ಕ್ರಿಪ್ಟೊಕಾಕಸ್ ಕಾಯಿಲೆಯ ಬಗ್ಗೆ 2022ರಲ್ಲಿ, ಚರ್ಮ ಮತ್ತು ಬಾಯಿಯ ತೊಂದರೆಗಳ ಬಗ್ಗೆ 2014ರಲ್ಲಿ ಹೊರತಂದ ಮಾರ್ಗಸೂಚಿಗಳನ್ನು ಜೊತೆಗಿಟ್ಟುಕೊಂಡು ಓದಿದೆ. ಮಾರ್ಗಸೂಚಿಗಳ ಗುಣಮಟ್ಟ ಅಳೆಯಲು ಅಗ್ರೀ-2 ಎಂಬ ಸಾಧನವಿದೆ; ಅದರಲ್ಲಿ 6 ವಿಭಾಗಗಳು, 23 ಅಂಶಗಳು. ಅವುಗಳಲ್ಲಿ ನಾನು ಹೆಚ್ಚು ತೂಕ ಕೊಟ್ಟಿರುವುದು ಬಳಕೆಯ ಸಾಧ್ಯತೆಗೆ. ಪ್ರಯೋಗಾಲಯವೂ ಔಷಧವೂ ಕೈಗೆಟಕುವ ಕಡೆ ಸಾಧಾರಣ ಪುಸ್ತಕವೂ ಉಪಯೋಗಕ್ಕೆ ಬಂದೀತು. ಅವೆರಡೂ ಇಲ್ಲದ ಕಡೆ ರಾತ್ರಿ ಪಾಳಿಯ ವೈದ್ಯರು ಹುಡುಕುವುದು ‘ಇದು ಸಿಗದಿದ್ದರೆ ಅದನ್ನು ಕೊಡಿ’ ಎಂಬ ಒಂದು ಸಾಲನ್ನು.

ಆ ಸಾಲನ್ನು ಅತ್ಯಂತ ಜವಾಬ್ದಾರಿಯಿಂದ ಬರೆದಿರುವುದು 2022ರ ಮಾರ್ಗಸೂಚಿ. ಅದರ ಮೊದಲ ಶಿಫಾರಸು ಹೀಗಿದೆ: ಲೈಪೋಸೋಮಲ್ (ಕೊಬ್ಬಿನ ಸೂಕ್ಷ್ಮ ಕಣಗಳಲ್ಲಿ ತುಂಬಿದ) ಆಂಫೊಟೆರಿಸಿನ್ ಬಿ ಎಂಬ ಶಿಲೀಂಧ್ರನಾಶಕ ಔಷಧವನ್ನು ಕಿಲೋ ತೂಕಕ್ಕೆ 10 ಮಿ.ಗ್ರಾಂ.ನಂತೆ ಒಂದೇ ಸಲ ಕೊಟ್ಟು, ಜೊತೆಗೆ 14 ದಿನ ಫ್ಲುಸೈಟೊಸಿನ್ ಮತ್ತು ಫ್ಲುಕೋನಜೋಲ್ ಎಂಬ ಇನ್ನೆರಡು ಶಿಲೀಂಧ್ರನಾಶಕಗಳನ್ನು ಕೊಡಬೇಕು. ಇದಕ್ಕೆ ಆಧಾರವಾದ ಆಂಬಿಷನ್ ಪ್ರಯೋಗ ನಡೆದದ್ದು ಬೋಟ್ಸ್‌ವಾನಾ, ಮಲಾವಿ, ದಕ್ಷಿಣ ಆಫ್ರಿಕಾ, ಉಗಾಂಡ ಮತ್ತು ಜಿಂಬಾಬ್ವೆಗಳಲ್ಲಿ, ಅಂದರೆ ಈ ಕಾಯಿಲೆಯ ಹೊರೆ ನಿಜವಾಗಿ ಇರುವ ಕಡೆಯೇ. ಹತ್ತು ವಾರಗಳಲ್ಲಿ ಹೊಸ ವಿಧಾನದ ಗುಂಪಿನಲ್ಲಿ ಶೇ 24.8ರಷ್ಟು, ಹಳೆಯ ವಿಧಾನದ ಗುಂಪಿನಲ್ಲಿ ಶೇ 28.7ರಷ್ಟು ರೋಗಿಗಳು ಸಾವನ್ನಪ್ಪಿದರು. ಹೊಸ ವಿಧಾನ ಹಳೆಯದಕ್ಕಿಂತ ಕಡಿಮೆಯದಲ್ಲ ಎಂದು ಇದರಿಂದ ಸಾಬೀತಾಯಿತು. ಏಳು ದಿನ ಸತತವಾಗಿ ಡ್ರಿಪ್ ಹಾಕುವ ಕಷ್ಟವೂ ತಪ್ಪಿತು.

ಆದರೆ ಔಷಧದ ಲೆಕ್ಕವನ್ನು ಕೈಯಲ್ಲಿ ಹಿಡಿದು ನೋಡಬೇಕು. 50 ಕಿಲೋ ತೂಕದ ರೋಗಿಗೆ ಆ ಒಂದು ಸಲದ ಡ್ರಿಪ್‌ಗೆ 50 ಮಿ.ಗ್ರಾಂ.ನ ಹತ್ತು ಸೀಸೆಗಳು ಬೇಕು. ಫ್ಲುಸೈಟೊಸಿನ್ 500 ಮಿ.ಗ್ರಾಂ.ನ ಹತ್ತು ಮಾತ್ರೆಗಳನ್ನು ದಿನಕ್ಕೆ ನಾಲ್ಕು ಹೊತ್ತು ಹಂಚಿ ಕೊಡಬೇಕು, ಅದರೊಂದಿಗೆ 200 ಮಿ.ಗ್ರಾಂ.ನ ಫ್ಲುಕೋನಜೋಲ್ ಆರು ಮಾತ್ರೆಗಳು. ಪ್ರಜ್ಞೆ ಮಸುಕಾಗಿರುವ ರೋಗಿಗೆ ಇಷ್ಟನ್ನು ನುಂಗಿಸುವುದು ಶುಶ್ರೂಷಕಿಯರ ಇಡೀ ಪಾಳಿಯ ಕೆಲಸ. ಲೈಪೋಸೋಮಲ್ ರೂಪ ಸಿಗದಿದ್ದರೆ ಹಳೆಯ ಆಂಫೊಟೆರಿಸಿನ್ ಅನ್ನು ಫ್ಲುಸೈಟೊಸಿನ್ ಜೊತೆ ಒಂದು ವಾರ ಕೊಡುವುದು, ಆಂಫೊಟೆರಿಸಿನ್ ಸಿಗದಿದ್ದರೆ ಫ್ಲುಸೈಟೊಸಿನ್ ಮತ್ತು ಫ್ಲುಕೋನಜೋಲ್, ಫ್ಲುಸೈಟೊಸಿನ್ ಸಿಗದಿದ್ದರೆ ಆಂಫೊಟೆರಿಸಿನ್ ಮತ್ತು ಫ್ಲುಕೋನಜೋಲ್ ಎಂದು ಮಾರ್ಗಸೂಚಿ ಬದಲಿ ದಾರಿಗಳನ್ನು ತೋರಿಸುತ್ತದೆ. ಇದೇ ಅದರ ದೊಡ್ಡ ಗುಣ. ಆಂಫೊಟೆರಿಸಿನ್‌ಗೆ ಮುನ್ನ ಲವಣದ್ರಾವಣ, ಜೊತೆಗೆ ಪೊಟ್ಯಾಸಿಯಂ, ನಡುನಡುವೆ ಮೂತ್ರಪಿಂಡದ ಪರೀಕ್ಷೆ ಎಂಬ ಎಚ್ಚರಿಕೆಯನ್ನೂ ಅದು ಕೊಡುತ್ತದೆ. ಈ ಎಚ್ಚರಿಕೆಯನ್ನೂ ಬದಲಿ ದಾರಿಗಳನ್ನೂ ಒಂದೇ ಹಾಳೆಯಲ್ಲಿ ಮುದ್ರಿಸಿ ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಬೇಕೆಂಬುದು ನನ್ನ ಬಲವಾದ ಅಭಿಪ್ರಾಯ, ಏಕೆಂದರೆ ಸರಿಯಾದ ಔಷಧ ಕೊಟ್ಟೂ ಪೊಟ್ಯಾಸಿಯಂ ಕುಸಿದು ರೋಗಿಯನ್ನು ಕಳೆದುಕೊಳ್ಳುವುದು ಅತ್ಯಂತ ನೋವಿನ ಸಂಗತಿ.

2017ರ ಮಾರ್ಗಸೂಚಿಯ ಉದ್ದೇಶ ಉದಾತ್ತವಾದರೂ ಅದರ ಬಾಗಿಲು ಇಕ್ಕಟ್ಟಾಗಿದೆ. ಐದು ವರ್ಷ ತುಂಬಿದವರಲ್ಲಿ ಸಿಡಿ4 ಎಣಿಕೆ (ರಕ್ತದ ಪ್ರತಿ ಘನ ಮಿ.ಮೀ.ನಲ್ಲಿರುವ ಒಂದು ಬಗೆಯ ರೋಗನಿರೋಧಕ ಕಣಗಳ ಸಂಖ್ಯೆ) 200ಕ್ಕಿಂತ ಕಡಿಮೆ ಇದ್ದರೆ ಅಥವಾ ಕಾಯಿಲೆ ರೋಗಲಕ್ಷಣ ಆಧರಿಸಿದ ನಾಲ್ಕು ಹಂತಗಳಲ್ಲಿ 3 ಇಲ್ಲವೇ 4ನೇ ಹಂತದಲ್ಲಿದ್ದರೆ ಅದನ್ನು ಮುಂದುವರಿದ ಕಾಯಿಲೆ ಎಂದು ಅದು ಪರಿಗಣಿಸುತ್ತದೆ. ಐದು ವರ್ಷದೊಳಗಿನ ಎಲ್ಲ ಸೋಂಕಿತ ಮಕ್ಕಳನ್ನೂ ಇದರಲ್ಲಿ ಸೇರಿಸಿರುವುದು ಬಹಳ ಸರಿ. ತೊಂದರೆ ಇರುವುದು ಸಿಡಿ4 ಪರೀಕ್ಷೆಯಲ್ಲಿ. ಸೋಂಕಿತರೆಲ್ಲರಿಗೂ ಚಿಕಿತ್ಸೆ ಎಂಬ 2015ರ ನೀತಿಯ ನಂತರ ಹಣವೂ ಗಮನವೂ ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣದ) ಪರೀಕ್ಷೆಯ ಕಡೆ ಹೊರಳಿ, ಅನೇಕ ಕಡೆ ಸಿಡಿ4 ಪರೀಕ್ಷೆ ಹಿಂದೆ ಬಿತ್ತು. ರೋಗಲಕ್ಷಣವನ್ನಷ್ಟೇ ನೋಡಿ ಹಂತ ನಿರ್ಧರಿಸಿದರೆ ಸಾಕೇ? ಸಾಲದು. ಆಫ್ರಿಕಾದ ರಿಯಾಲಿಟಿ ಪ್ರಯೋಗಕ್ಕೆ ಸೇರಿದ್ದ, ಸಿಡಿ4 ಎಣಿಕೆ 100ಕ್ಕಿಂತ ಕಡಿಮೆ ಇದ್ದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಹೊರನೋಟಕ್ಕೆ 1 ಅಥವಾ 2ನೇ ಹಂತದವರಾಗಿಯೇ ಕಂಡಿದ್ದರು. ಅದೇ ಪ್ರಯೋಗದಲ್ಲಿ ಮುಂಜಾಗ್ರತೆಯ ಔಷಧಗಳ ಹೆಚ್ಚುವರಿ ಗುಚ್ಛ ಕೊಟ್ಟಾಗ 24 ವಾರಗಳ ಸಾವಿನ ಪ್ರಮಾಣ ಶೇ 12.2ರಿಂದ ಶೇ 8.9ಕ್ಕೆ ಇಳಿಯಿತು. ಯಂತ್ರವಿಲ್ಲದೆಯೇ ಎಣಿಕೆ 200ಕ್ಕಿಂತ ಮೇಲೋ ಕೆಳಗೋ ಎಂದು ತೋರಿಸುವ ಪಟ್ಟಿ ಪರೀಕ್ಷೆ ಆಮೇಲೆ ಬಂದಿರುವುದರಿಂದ, ಈ ಬಾಗಿಲು ಈಗ ಸ್ವಲ್ಪ ಅಗಲವಾಗಿದೆ.

ಎಆರ್‌ಟಿ, ಅಂದರೆ ಎಚ್‌ಐವಿ ವೈರಸ್ಸನ್ನು ಹತ್ತಿಕ್ಕುವ ಔಷಧಗಳ ಚಿಕಿತ್ಸೆಯನ್ನು ಏಳು ದಿನಗಳೊಳಗೆ, ರೋಗಿ ಸಿದ್ಧರಿದ್ದರೆ ಅದೇ ದಿನ ಆರಂಭಿಸಿ ಎನ್ನುವ ಇದೇ ಮಾರ್ಗಸೂಚಿಯು ಮೆನಿಂಜೈಟಿಸ್‌ನ ಲಕ್ಷಣಗಳಿದ್ದರೆ ಆತುರಪಡಬೇಡಿ ಎಂದೂ ಹೇಳುತ್ತದೆ. ಕ್ರಿಪ್ಟೊಕಾಕಸ್ ಮೆನಿಂಜೈಟಿಸ್ ಖಚಿತವಾದರೆ 4ರಿಂದ 6 ವಾರ ಕಾಯಬೇಕು. ಎರಡೂ ಸೂಚನೆಗಳು ಒಟ್ಟಿಗೇ ಕಣ್ಣಿಗೆ ಬೀಳದಿದ್ದರೆ ಒಳ್ಳೆಯ ಉದ್ದೇಶದಿಂದಲೇ ಅನಾಹುತವಾಗುತ್ತದೆ.

2014ರ ಚರ್ಮ ಮತ್ತು ಬಾಯಿಯ ಮಾರ್ಗಸೂಚಿಗೆ ವಯಸ್ಸಾಗಿದೆ. ತನ್ನ ಎಷ್ಟೋ ಶಿಫಾರಸುಗಳಿಗೆ ಆಧಾರ ದುರ್ಬಲವೆಂದು ಅದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತದೆ. ಆದರೂ ಅದರಿಂದ ನಿತ್ಯದ ಕೆಲಸಕ್ಕೆ ಸಹಾಯವಿದೆ: ಬಾಯಲ್ಲಿ ಬಿಳಿ ಪದರವಿದ್ದು ನುಂಗುವಾಗ ಎದೆಯೊಳಗೆ ನೋಯುತ್ತದೆ ಎನ್ನುವ ರೋಗಿಗೆ ಎಂಡೋಸ್ಕೋಪಿಗಾಗಿ ಕಾಯದೆ ಫ್ಲುಕೋನಜೋಲ್ ಶುರುಮಾಡಿ 14ರಿಂದ 21 ದಿನ ಕೊಡಬಹುದು, ಮತ್ತು ಆ ರೋಗಿ ಕೆಲವೇ ದಿನಗಳಲ್ಲಿ ಮತ್ತೆ ಊಟ ಮಾಡತೊಡಗುತ್ತಾರೆ.