ಜಾತಕವೋ, ಅಂಕಿಅಂಶವೋ? ನಾಳೆಯ ಬಗ್ಗೆ ಯಾರನ್ನು ಕೇಳಬೇಕು?

ಎರಡಕ್ಕೂ ಲೆಕ್ಕ ಬೇಕು, ಕೋಷ್ಟಕ ಬೇಕು. ಗ್ರಹ ಯಾವ ದಿನ ಯಾವ ರಾಶಿಯಲ್ಲಿರುತ್ತದೆ ಎಂದು ಜ್ಯೋತಿಷಿ ಹಾಕುವ ಗಣಿತದ ಮೇಲೆ ನನಗೆ ತಕರಾರಿಲ್ಲ. ಅದು ಖಗೋಳವಿಜ್ಞಾನದ ಪಾಲು. ಏಳನೇ ಮನೆಯ ಶನಿಯಿಂದ ತಡವಾದ ಮದುವೆಗೆ ಜಿಗಿಯುವಾಗ ಮಾತ್ರ ನಡುವೆ ಸೇತುವೆ ಕಾಣುವುದಿಲ್ಲ.

ಈ ಜಿಗಿತವನ್ನು ಪರೀಕ್ಷಿಸಿದವರೂ ಇದ್ದಾರೆ. 1985ರಲ್ಲಿ ಭೌತವಿಜ್ಞಾನಿ ಶಾನ್ ಕಾರ್ಲ್‌ಸನ್ 'ನೇಚರ್' ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಜ್ಯೋತಿಷಿಗಳಿಗೆ ಒಂದು ಜಾತಕದ ಜೊತೆಗೆ ಮೂವರ ವ್ಯಕ್ತಿತ್ವ ವಿವರಗಳನ್ನು ಕೊಡಲಾಯಿತು. ಜಾತಕದ ಒಡೆಯನನ್ನು ಅವರು ಗುರುತಿಸಬೇಕಿತ್ತು. ಸರಿಯುತ್ತರ ಬಂದದ್ದು ಸುಮಾರು ಮೂರರಲ್ಲಿ ಒಂದು ಸಲ. ಚೀಟಿ ಎತ್ತಿದ್ದರೂ ಅಷ್ಟೇ ಬರುತ್ತಿತ್ತು. ಈ ಫಲಿತಾಂಶವನ್ನು ಒಪ್ಪದವರೂ ಇದ್ದಾರೆನ್ನಿ.

ಸಂಖ್ಯಾಶಾಸ್ತ್ರದ ದಾರಿ ಬೇರೆ. 1693ರಲ್ಲಿ ಇಂಗ್ಲೆಂಡಿನ ಖಗೋಳವಿಜ್ಞಾನಿ ಎಡ್ಮಂಡ್ ಹ್ಯಾಲಿ, ಇಂದು ಪೋಲೆಂಡಿನಲ್ಲಿರುವ ಬ್ರೆಸ್ಲಾವ್ ನಗರದ ಜನನ ಮರಣ ದಾಖಲೆಗಳಿಂದ, ಯಾವ ವಯಸ್ಸಿಗೆ ಎಷ್ಟು ಮಂದಿ ಉಳಿಯುತ್ತಾರೆಂಬ ಕೋಷ್ಟಕ ಕಟ್ಟಿದ. ಜೀವವಿಮೆಯ ಕಂತು ಇಂದಿಗೂ ಇಂಥ ಕೋಷ್ಟಕಗಳ ಮೇಲೆಯೇ ನಿಂತಿದೆ. ಆದರೆ 'ನನ್ನ ಗತಿಯೇನು?' ಎಂದು ಕೇಳಿದರೆ ಅಂಕಿಅಂಶ ಬಾಯಿ ಬಿಡುವುದಿಲ್ಲ. ಗುಂಪಿನ ಲೆಕ್ಕವನ್ನಷ್ಟೇ ಮುಂದಿಡುತ್ತದೆ. ದತ್ತಾಂಶ ಕೆಟ್ಟದ್ದಾದರೆ ಅದೂ ಕೈಕೊಡುತ್ತದೆ.

ಹಣ, ಆರೋಗ್ಯ, ವಿಮೆಯ ವಿಷಯವಾದರೆ ಕಣ್ಣುಮುಚ್ಚಿ ಅಂಕಿಅಂಶದ ಕಡೆ ಹೋಗಿ. ಮನಸ್ಸಿಗೆ ಸಮಾಧಾನ ಬೇಕಿದ್ದರೆ ಜಾತಕ ತೋರಿಸಿಕೊಳ್ಳಿ, ಬೇಡವೆನ್ನುವುದಿಲ್ಲ. ದುಬಾರಿ ಪರಿಹಾರ ಮಾಡಿಸಲು ಹೇಳಿದರೆ ಮಾತ್ರ, ಹಿಂದೆ ಹೇಳಿದ್ದರಲ್ಲಿ ಎಷ್ಟು ತಪ್ಪಿತು ಎಂಬ ಲೆಕ್ಕವನ್ನು ಮೊದಲು ಕೇಳಿ.