ಗರ್ಭಿಣಿಯ ದಾಖಲೆಗಳಿಗೆ ಫೈಲ್ ಒಳ್ಳೆಯದೋ, ಮೊಬೈಲೋ?

ದಿನಾಂಕ ನೆನಪಿಡುವುದಕ್ಕೆ ಮೊಬೈಲೇ ಮೇಲು. 11ರಿಂದ 14ನೇ ವಾರದೊಳಗೆ ಎನ್‌ಟಿ ಸ್ಕ್ಯಾನ್ (ಮಗುವಿನ ಕತ್ತಿನ ಹಿಂಭಾಗದ ದ್ರವ ಅಳೆಯುವುದು), 18ರಿಂದ 22ರೊಳಗೆ ಅನಾಮಲಿ ಸ್ಕ್ಯಾನ್ (ಮಗುವಿನ ಅಂಗಾಂಗಗಳ ಬೆಳವಣಿಗೆ ನೋಡುವುದು), ಸಾಮಾನ್ಯವಾಗಿ 24ರಿಂದ 28ರೊಳಗೆ ಸಕ್ಕರೆ ಪರೀಕ್ಷೆ. ಎನ್‌ಟಿ ಅವಧಿ ದಾಟಿದರೆ ಮತ್ತೆ ಸಿಗುವುದಿಲ್ಲ. ಕ್ಯಾಲೆಂಡರನ್ನು ಗಂಡನ ಫೋನಿಗೂ ಹಂಚಿಕೊಂಡರೆ, ಸಿಲ್ಕ್ ಬೋರ್ಡ್ ಟ್ರಾಫಿಕ್ ಲೆಕ್ಕ ಹಾಕಿ ಅವರೂ ಆಫೀಸಿನಿಂದ ಬೇಗ ಹೊರಡಬಹುದು.

ಆದರೆ ಆಸ್ಪತ್ರೆಯೊಳಗೆ ಕಾಲಿಟ್ಟ ಮೇಲೆ ನನ್ನ ಮತ ಫೈಲಿಗೇ. ನಡುರಾತ್ರಿ ನೋವು ಶುರುವಾದರೆ ಡ್ಯೂಟಿ ಡಾಕ್ಟರಿಗೆ ರಕ್ತದ ಗುಂಪು, ಹಿಮೋಗ್ಲೋಬಿನ್, ಬಿಪಿ, ಕೊನೆಯ ಸ್ಕ್ಯಾನ್ ಒಟ್ಟಿಗೆ ಬೇಕು. ಲಾಕ್ ಆದ ಫೋನಿನಲ್ಲಿ ಅತ್ತೆಯವರು ಅದನ್ನೆಲ್ಲ ಎಲ್ಲಿ ಹುಡುಕಬೇಕು? ಸೀಮಂತ ಮುಗಿಸಿ ತವರಿಗೆ ಹೋಗುವವರಿಗಂತೂ ಫೈಲ್ ಬೇಕೇ ಬೇಕು. ಹಾಸನದ ಡಾಕ್ಟರಿಗೆ ಬೆಂಗಳೂರಿನಲ್ಲಿ ಏನಾಯಿತೆಂದು ಹೇಳುವುದು ಆ ಕಾಗದಗಳೇ. ತಾರೀಖಿನ ಪ್ರಕಾರ ಜೋಡಿಸಿ, ಹೊಸದನ್ನು ಮೇಲಿಡಿ.

ಗರ್ಭಿಣಿಯ ತಪಾಸಣೆಗಳನ್ನು ಬರೆದಿಡುವ ಸರ್ಕಾರದ ತಾಯಿ ಕಾರ್ಡ್ ಎಲ್ಲಕ್ಕಿಂತ ಮುಂದಿರಲಿ. ಖಾಸಗಿ ಆಸ್ಪತ್ರೆಯಲ್ಲಿ ತೋರಿಸುವವರೂ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ ಮಾಡಿಸಿಕೊಳ್ಳಿ. ಅರ್ಹರಿಗೆ ಮೊದಲ ಮಗುವಿಗೆ ಸಿಗುವ ಮಾತೃ ವಂದನಾ ಯೋಜನೆಯ 5,000 ರೂಪಾಯಿಗೂ ಗರ್ಭಿಣಿಯ ನೋಂದಣಿ ಬೇಕು.

ಖರ್ಚಿನಲ್ಲಿ ಹೇಳುವಂಥ ವ್ಯತ್ಯಾಸವಿಲ್ಲ. ಸ್ಕ್ಯಾನಿನ ಥರ್ಮಲ್ ಚಿತ್ರ ಕ್ರಮೇಣ ಮಾಸುತ್ತದೆ, ಹಾಗಾಗಿ ಅದರ ಫೋಟೊ ತೆಗೆದಿಡಿ. ಮಗು ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಆಗಬೇಕು. ಡಿಸ್ಚಾರ್ಜ್ ಆಗುವಾಗಲೇ ಆಸ್ಪತ್ರೆಯವರನ್ನು ಕೇಳಿ, ತಂದೆತಾಯಿಯ ಹೆಸರಿನ ಅಕ್ಷರಗಳನ್ನು ಆಧಾರ್ ಜೊತೆ ಹೋಲಿಸಿ ನೋಡಿ.